ನಷ್ಟ ಹೊರುವ ಹೆಗಲು ಯಾರದು?

2022ರ ಅಕ್ಟೋಬರ್ 14ರಂದು ಎಮಿರೇಟ್ಸ್ ಸಂಸ್ಥೆಯ ಏರ್‌ಬಸ್ ಎ380 ವಿಮಾನವು ದುಬೈಯಿಂದ ಬಂದು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಎರಡು ಅಂತಸ್ತು, ನಾಲ್ಕು ಎಂಜಿನು, ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 80 ಮೀಟರ್ ಹರಡಿದ ರೆಕ್ಕೆ. ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನವು ಕನ್ನಡದ ನೆಲಕ್ಕೆ ನಿಯತ ಸಂಚಾರಕ್ಕಾಗಿ ಬಂದುದನ್ನು ಪತ್ರಿಕೆಗಳು ಸಂಭ್ರಮದಿಂದಲೇ ವರದಿ ಮಾಡಿದವು. ಆ ಸಂಭ್ರಮದ ನಡುವೆ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಆ ಮಾದರಿಯ ವಿಮಾನದ ತಯಾರಿಕೆ ಹತ್ತು ತಿಂಗಳ ಹಿಂದೆಯೇ ನಿಂತುಹೋಗಿತ್ತು. 2021ರ ಡಿಸೆಂಬರಿನಲ್ಲಿ ಕೊನೆಯ ವಿಮಾನವನ್ನು ಒಪ್ಪಿಸಿ ಏರ್‌ಬಸ್ ಸಂಸ್ಥೆಯು ಆ ಕಾರ್ಖಾನೆಯ ಸಾಲನ್ನು ಮುಚ್ಚಿತ್ತು. ಗಿರಾಕಿಗಳಿಗೆ ಒಪ್ಪಿಸಿದವು ಒಟ್ಟು 251. ಹೂಡಿದ ಬಂಡವಾಳ ಹಿಂದಿರುಗಲೇ ಇಲ್ಲ.

ಚನ್ನಗಿರಿಯ ಅಡಿಕೆ ತೋಟದವರಿಗೆ, ಹೊನ್ನಾಳಿಯ ಗದ್ದೆಯವರಿಗೆ, ನ್ಯಾಮತಿ ಹಾಗೂ ಜಗಳೂರಿನ ಮೆಕ್ಕೆಜೋಳದ ಹೊಲದವರಿಗೆ ಇದು ದೂರದ ಕಥೆಯೆನಿಸುವುದು ಸಹಜ. ಆದರೆ ಆ ಕಥೆಯ ಒಳಗಿರುವ ಪ್ರಶ್ನೆ ನಮ್ಮಲ್ಲಿ ಪ್ರತಿ ಮುಂಗಾರಿಗೂ ತಲೆಯೆತ್ತುವ ಪ್ರಶ್ನೆಯೇ ಆಗಿದೆ. ನಾಳೆ ಏನೆಂದು ತಿಳಿಯದೆ ಇಂದು ಇದ್ದುದನ್ನೆಲ್ಲ ಹೂಡುವುದು ಸರಿಯೇ? ಹೂಡಿ ಸೋತರೆ ಅದನ್ನು ತಪ್ಪೆನ್ನಬೇಕೇ, ದುರದೃಷ್ಟವೆನ್ನಬೇಕೇ? ಆ ನಷ್ಟವನ್ನು ಹೊರಬೇಕಾದವರು ಯಾರು?

ಮೊದಲು ವ್ಯಾಪಾರದ ಸ್ವರೂಪವನ್ನು ಅರಿತುಕೊಳ್ಳೋಣ. ಅಡಿಕೆ ಸಸಿ ನೆಟ್ಟವನು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ನೆಡುವಾಗಿನ ಧಾರಣೆಯನ್ನು ನೋಡಿ ಅವನು ನೆಡುತ್ತಾನೆ. ಕೊಯ್ಯುವಾಗಿನ ಧಾರಣೆ ಅವನ ಕೈಯಲ್ಲಿಲ್ಲ. ದೊಡ್ಡ ವಿಮಾನದ ಕಥೆಯೂ ಹೀಗೆಯೇ. ಎ380 ಕಟ್ಟಬೇಕೆಂಬ ಅಂತಿಮ ನಿರ್ಧಾರವಾದದ್ದು 2000ದ ಡಿಸೆಂಬರಿನಲ್ಲಿ. ಅದು ಮೊದಲ ಬಾರಿ ಹಾರಿದ್ದು 2005ರ ಏಪ್ರಿಲ್ 27ರಂದು. ಹಣ ಕೊಟ್ಟ ಪ್ರಯಾಣಿಕರನ್ನು ಹೊತ್ತು ಸಿಂಗಪುರದಿಂದ ಸಿಡ್ನಿಗೆ ಹೋದದ್ದು 2007ರ ಅಕ್ಟೋಬರ್ 25ರಂದು. ಏಳು ವರ್ಷ ಖರ್ಚೇ ಖರ್ಚು. ವಿನ್ಯಾಸ, ಪರೀಕ್ಷೆ, ಅಚ್ಚು, ಯಂತ್ರ, ಕಟ್ಟಡ ಇವುಗಳಿಗೆ ಸುರಿದ ಹಣವು ಒಂದು ವಿಮಾನ ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಹೆಚ್ಚು ಮಾರಿದಂತೆಲ್ಲ ಆ ಹೊರೆ ಹಂಚಿಹೋಗುತ್ತದೆ. ಕಡಿಮೆ ಮಾರಿದರೆ ಪ್ರತಿಯೊಂದರ ಮೇಲೂ ಭಾರವಾಗಿ ಕುಳಿತುಕೊಳ್ಳುತ್ತದೆ. ಈ ಯೋಜನೆಗೆ ತಗಲಿದ ಒಟ್ಟು ವೆಚ್ಚವನ್ನು ಸುಮಾರು 2,500 ಕೋಟಿ ಡಾಲರ್ ಎಂದು ಅಂದಾಜು ಮಾಡಿದ್ದಾರೆ. 270 ವಿಮಾನ ಮಾರಿದರೆ ಅಸಲು ಹುಟ್ಟುತ್ತದೆಂದು 2005ರಲ್ಲಿ ಲೆಕ್ಕವಿತ್ತು. 2006ರಲ್ಲಿ ಅದೇ ಲೆಕ್ಕ 420ಕ್ಕೆ ಏರಿತು. ಮಾರಿದ್ದು 251.

ಇವರು ಲೆಕ್ಕ ಹಾಕದೆ ಧುಮುಕಿದವರೇ? ಅಲ್ಲ. ಮುಂದಿನ 20 ವರ್ಷಗಳಲ್ಲಿ ಜಗತ್ತಿಗೆ ಇಷ್ಟು ದೊಡ್ಡ ಪ್ರಯಾಣಿಕ ವಿಮಾನಗಳು 1,200ಕ್ಕೂ ಹೆಚ್ಚು ಬೇಕಾಗುತ್ತವೆಂದು ಏರ್‌ಬಸ್ ಅಂದಾಜು ಮಾಡಿತ್ತು. ಜನಸಂಖ್ಯೆ ಏರುತ್ತಿದೆ, ನಿಲ್ದಾಣಗಳಲ್ಲಿ ಜಾಗವಿಲ್ಲ. ಆದ್ದರಿಂದ ಲಂಡನ್, ದುಬೈ, ಸಿಂಗಪುರದಂಥ ಕೆಲವು ಹೆಬ್ಬಾಗಿಲುಗಳ ನಡುವೆ ದೊಡ್ಡ ವಿಮಾನಗಳು ಓಡಾಡುತ್ತವೆ, ಅಲ್ಲಿಂದ ಮುಂದಕ್ಕೆ ಸಣ್ಣವು ಒಯ್ಯುತ್ತವೆ ಎಂಬುದು ಅವರ ತರ್ಕ. ನ್ಯಾಮತಿಯಿಂದ ಬೆಂಗಳೂರಿಗೆ ಹೋಗುವವರು ಶಿವಮೊಗ್ಗದಲ್ಲಿ ಇಳಿದು ರೈಲು ಹತ್ತುವ ಹಾಗೆ. ಅಮೆರಿಕದ ಬೋಯಿಂಗ್ ಸಂಸ್ಥೆ ಇದಕ್ಕೆ ವಿರುದ್ಧವಾಗಿ ಯೋಚಿಸಿತು. ಜನರಿಗೆ ನಡುವೆ ಇಳಿದು ಹತ್ತುವುದು ಬೇಡ, ಊರಿಂದ ಊರಿಗೆ ನೇರವಾಗಿ ಹೋಗುವುದು ಬೇಕು ಎಂದು ಎಣಿಸಿ, ಎರಡೇ ಎಂಜಿನಿನ, ಕಡಿಮೆ ಇಂಧನ ಕುಡಿಯುವ, ಮಧ್ಯಮ ಗಾತ್ರದ 787 ವಿಮಾನವನ್ನು ಕಟ್ಟಿತು. ಒಂದೇ ಜಗತ್ತನ್ನು ಇಬ್ಬರು ಬುದ್ಧಿವಂತರು ನೋಡಿ ಎರಡು ಬೇರೆ ನಾಳೆಗಳನ್ನು ಕಂಡರು. ಕಾಲವು ಬಹುಮಟ್ಟಿಗೆ ಎರಡನೆಯವರ ಕಡೆ ವಾಲಿತು.

ಎಡವಿದ ಇನ್ನೊಂದು ಜಾಗವನ್ನು ಹೇಳಲೇಬೇಕು, ಏಕೆಂದರೆ ಅದು ಮನುಷ್ಯ ಸ್ವಭಾವದ ಮೇಲೆ ಬೆಳಕು ಚೆಲ್ಲುತ್ತದೆ. ಒಂದೊಂದು ಎ380 ವಿಮಾನದ ಒಳಗೂ ಸುಮಾರು 530 ಕಿಲೋಮೀಟರ್ ಉದ್ದದ ವಿದ್ಯುತ್ ತಂತಿಗಳಿವೆ. ಜರ್ಮನಿಯ ಹ್ಯಾಂಬರ್ಗಿನ ಎಂಜಿನಿಯರುಗಳೂ ಫ್ರಾನ್ಸಿನ ತುಲೂಸಿನ ಎಂಜಿನಿಯರುಗಳೂ ಒಂದೇ ಕಂಪ್ಯೂಟರ್ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿ ನಕ್ಷೆ ಬರೆದರು. ಹ್ಯಾಂಬರ್ಗಿನಿಂದ ಬಂದ ಭಾಗವನ್ನು ತುಲೂಸಿನಲ್ಲಿ ಜೋಡಿಸಹೊರಟಾಗ ತಂತಿಗಳು ಮೋಟಾಗಿದ್ದವು. ಯೋಜನೆ ಸುಮಾರು ಎರಡು ವರ್ಷ ಹಿಂದೆ ಬಿತ್ತು. 2006ರ ಜೂನ್ 13ರಂದು ವಿಳಂಬದ ಪ್ರಕಟಣೆ ಹೊರಬಿದ್ದ ಮೇಲೆ ಮಾತೃಸಂಸ್ಥೆಯ ಷೇರು ಬೆಲೆ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಒಂದೇ ಮನೆಯ ಎರಡು ಕೋಣೆಗಳವರು ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ಮನೆ ಕಟ್ಟಿದರೆ ಆಗುವುದು ಇದೇ. ನಮ್ಮ ಧರ್ಮಕೇಂದ್ರಗಳ ಕಟ್ಟಡ ಸಮಿತಿಗಳನ್ನು ಬಲ್ಲವರಿಗೆ ಇದು ತೀರ ಹೊಸತೆನಿಸದು.

ಕೊನೆಗೆ ಉಳಿದದ್ದು ಒಬ್ಬನೇ ದೊಡ್ಡ ಗಿರಾಕಿ. 251ರಲ್ಲಿ 123 ವಿಮಾನಗಳನ್ನು ಕೊಂಡದ್ದು ಎಮಿರೇಟ್ಸ್ ಒಂದೇ. ಆ ಗಿರಾಕಿಯು ತನ್ನ ಬೇಡಿಕೆಯಿಂದ 39 ವಿಮಾನಗಳನ್ನು ಕಡಿತ ಮಾಡಿದಾಗ, 2019ರ ಫೆಬ್ರವರಿ 14ರಂದು, ಏರ್‌ಬಸ್ ತಯಾರಿಕೆಯನ್ನು ನಿಲ್ಲಿಸುವ ನಿರ್ಧಾರವನ್ನು ಪ್ರಕಟಿಸಿತು. 3,000ದಿಂದ 3,500 ಹುದ್ದೆಗಳಿಗೆ ಇದರ ಬಿಸಿ ತಟ್ಟಬಹುದೆಂದೂ ಹೇಳಿತು. ಮೊಟ್ಟಮೊದಲು ಹಾರಿದ ವಿಮಾನಗಳಲ್ಲಿ ಕೆಲವನ್ನು ಅಷ್ಟು ಹೊತ್ತಿಗಾಗಲೇ ಫ್ರಾನ್ಸಿನ ತಾರ್ಬ್ ಎಂಬಲ್ಲಿ ಬಿಡಿಭಾಗಗಳಿಗಾಗಿ ಬಿಚ್ಚಲಾಗುತ್ತಿತ್ತು. ಅವುಗಳ ಸೇವೆ ಹತ್ತು ವರ್ಷವಷ್ಟೆ. ವಿಚಿತ್ರವೆಂದರೆ, ಪ್ರಯಾಣಿಕರು ಈ ವಿಮಾನವನ್ನು ಮೆಚ್ಚಿದರು. ಕೊರೊನಾ ಕಾಲದಲ್ಲಿ ಮೂಲೆಗೆ ಸೇರಿದ್ದ ಹಲವು ಎ380ಗಳನ್ನು 2022ರ ನಂತರ ವಿಮಾನ ಸಂಸ್ಥೆಗಳು ಮತ್ತೆ ಹೊರತೆಗೆದು ಹಾರಿಸಿದವು. ಯಂತ್ರ ಗೆದ್ದಿತು, ವ್ಯಾಪಾರ ಸೋತಿತು.

ಇಂಥ ಕಥೆಯನ್ನು ಕೇಳಿದೊಡನೆ ನಮ್ಮ ಬೋಧಕರಲ್ಲಿ ಹಲವರಿಗೆ ಬಾಬೆಲಿನ ಗೋಪುರ ನೆನಪಾಗುತ್ತದೆ. ಮಾನವನ ಅಹಂಕಾರ ಮುಗಿಲಿಗೆ ಏರಿತು, ದೇವರು ಅದನ್ನು ಕೆಡವಿದರು ಎಂದು ಎರಡು ವಾಕ್ಯದಲ್ಲಿ ಮುಗಿಸಿಬಿಡುವುದು ಸುಲಭ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ದೊಡ್ಡದನ್ನು ಕಟ್ಟುವುದೆಲ್ಲ ಅಹಂಕಾರವಾಗಿದ್ದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಹುಟ್ಟುತ್ತಲೇ ಇರಲಿಲ್ಲ. ಶಾಂತಿಸಾಗರವೆಂದೂ ಕರೆಯಲಾಗುವ ಆ ಕೆರೆಯ ಏರಿಯನ್ನು ಕಟ್ಟಿಸಿದವಳು ಶಾಂತವ್ವೆಯೆಂದು ಜನಪದ ನಂಬಿಕೆ. ಮಳೆ ಬಂದರೆ ಮಾತ್ರ ತುಂಬುವ, ಬಾರದಿದ್ದರೆ ಕಟ್ಟಿದವರನ್ನು ನಗೆಗೀಡು ಮಾಡುವ ಸಾಹಸವದು. ಇಂದಿಗೂ ಅದು ಗದ್ದೆಗಳಿಗೆ ನೀರುಣಿಸುತ್ತಿದೆ. ದೂರದ ಚಿತ್ರದುರ್ಗ ನಗರಕ್ಕೂ ಅಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಜಾಡಿನಲ್ಲಿ ಸದ್ಗುಣಗಳನ್ನು ವಿವೇಚಿಸುವಾಗ, ಮಹತ್ಕಾರ್ಯಕ್ಕಾಗಿ ದೊಡ್ಡ ಮೊತ್ತವನ್ನು ಧೈರ್ಯದಿಂದ ವ್ಯಯಿಸುವುದನ್ನೂ ಒಂದು ಸದ್ಗುಣವೆಂದು ಎಣಿಸುತ್ತಾರೆ. ಅದನ್ನು ಅವರು ಇರಿಸಿರುವುದು ಸ್ಥೈರ್ಯದ ಅಡಿಯಲ್ಲಿ. ಅದರ ಒಂದು ಬದಿಗೆ ಕ್ಷುದ್ರತನ, ಇನ್ನೊಂದು ಬದಿಗೆ ದುಂದುಗಾರಿಕೆ. ದೊಡ್ಡ ಕೆಲಸಕ್ಕೆ ಸಣ್ಣ ಕೈ ಹಾಕುವವನೂ ಅವರ ದೃಷ್ಟಿಯಲ್ಲಿ ದೋಷಿಯೇ. ಗುರುಮಠದಲ್ಲಿ ಇದನ್ನು ಓದಿದಾಗ ಬಡವರ ಧರ್ಮಸಭೆಗೆ ಇದೇಕೆ ಎಂದು ನಾವು ಕೆಲವರು ಗೊಣಗಿದ್ದುಂಟು.

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಬರುವ, ಗೋಪುರ ಕಟ್ಟಹೊರಟವನ ಸಾಮತಿಯನ್ನು ಓದುಗರು ಬಲ್ಲರು. ಪ್ರಭು ಯೇಸು ಅಲ್ಲಿ ಗೋಪುರವನ್ನು ಹಳಿಯುವುದಿಲ್ಲ. ಮುಂಚೆ ಕುಳಿತು ಖರ್ಚನ್ನು ಎಣಿಸದವನ ಕಡೆಗೆ ಬೆರಳು ತೋರುತ್ತಾರೆ. ಆದರೆ ಎಣಿಸಿಯೂ ಸೋತವನ ವಿಷಯವೇನು? ಅಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗೆಲುವು ಸೋಲುಗಳನ್ನೇ ಅಳತೆಗೋಲಾಗಿ ಹಿಡಿದರೆ ನಾವು ದಾರಿ ತಪ್ಪುತ್ತೇವೆ. 1966ರಲ್ಲಿ ಪ್ಯಾನ್ ಆಮ್ ಸಂಸ್ಥೆಯ 25 ವಿಮಾನಗಳ ಬೇಡಿಕೆಯನ್ನು ನಂಬಿ ಬೋಯಿಂಗ್ 747 ವಿಮಾನವನ್ನು ಕಟ್ಟಹೊರಟಿತು. ಸಾಲದಲ್ಲಿ ಮುಳುಗಿತು. ಇತರ ಕಾರಣಗಳೂ ಕೂಡಿಕೊಂಡು, ಸಿಯಾಟಲ್ ಪ್ರದೇಶದಲ್ಲಿ 1967ರಲ್ಲಿ ಲಕ್ಷದಷ್ಟಿದ್ದ ಅದರ ನೌಕರರ ಸಂಖ್ಯೆ 1971ರ ಹೊತ್ತಿಗೆ 40,000ಕ್ಕೂ ಕೆಳಗಿಳಿಯಿತು. ಆದರೂ 747 ಗೆದ್ದಿತು: 1,574 ವಿಮಾನಗಳು ತಯಾರಾಗಿ, ಕೊನೆಯದನ್ನು 2023ರ ಜನವರಿಯಲ್ಲಿ ಗಿರಾಕಿಗೆ ಒಪ್ಪಿಸಲಾಯಿತು. ಅದೇ ಕಾಲದಲ್ಲಿ ಲಾಕ್‌ಹೀಡ್ ಸಂಸ್ಥೆ ಕಟ್ಟಿದ ಟ್ರೈಸ್ಟಾರ್ ವಿಮಾನ 250ಕ್ಕೆ ನಿಂತಿತು. ಅದಕ್ಕೆ ಎಂಜಿನು ಮಾಡಹೊರಟ ರೋಲ್ಸ್ ರಾಯ್ಸ್ 1971ರ ಫೆಬ್ರವರಿಯಲ್ಲಿ ದಿವಾಳಿಯಾಗಿ ಬ್ರಿಟಿಷ್ ಸರ್ಕಾರದ ವಶವಾಯಿತು. ಗೆದ್ದ ಬೋಯಿಂಗಿನವರು ಧರ್ಮಿಷ್ಠರು, ಸೋತ ಲಾಕ್‌ಹೀಡಿನವರು ಪಾಪಿಗಳು ಎನ್ನಲಾದೀತೇ? ಗೆದ್ದವರ ಮನೆಯಲ್ಲಿಯೂ ಅರವತ್ತು ಸಾವಿರ ಸಂಸಾರಗಳು ಕೆಲಸ ಕಳೆದುಕೊಂಡಿದ್ದವಲ್ಲ!

ಆದುದರಿಂದ ನೈತಿಕ ಪ್ರಶ್ನೆಯನ್ನು ಬೇರೆ ಕಡೆಯಿಂದ ಕೇಳಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪಣ ಎಷ್ಟು ದೊಡ್ಡದು ಎಂಬುದಕ್ಕಿಂತ, ನಷ್ಟವಾದಾಗ ಅದನ್ನು ಹೊತ್ತವರು ತಿಳಿದು, ಒಪ್ಪಿ ಹೊತ್ತವರೇ ಎಂಬುದು ಮುಖ್ಯ. ಇದಕ್ಕೂ ಅಕ್ವಿನಾಸರಲ್ಲಿ ಆಧಾರವಿದೆ. ಬಡ್ಡಿಯನ್ನು ಅಷ್ಟು ಕಟುವಾಗಿ ಖಂಡಿಸಿದ ಅವರೇ, ವರ್ತಕನ ಜೊತೆಗೋ ಕುಶಲಕರ್ಮಿಯ ಜೊತೆಗೋ ಪಾಲುಗಾರಿಕೆಯಲ್ಲಿ ಹಣ ಹೂಡಿದವನು ಲಾಭದಲ್ಲಿ ಪಾಲು ಕೇಳುವುದು ನ್ಯಾಯವೆನ್ನುತ್ತಾರೆ. ಏಕೆಂದರೆ ಅಲ್ಲಿ ಹಣ ಇನ್ನೂ ಅವನದೇ, ಮುಳುಗಿದರೆ ಮುಳುಗುವುದು ಅವನದೇ. ಅಪಾಯ ಹೊತ್ತವನಿಗೆ ಲಾಭದ ಹಕ್ಕು.

ನಮ್ಮ ರೈತರಿಗೆ ಇದನ್ನು ಲ್ಯಾಟಿನ್ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಕೋರಿಗೆ ಹೊಲ ಮಾಡುವುದಕ್ಕೂ ಗುತ್ತಿಗೆಗೆ ಮಾಡುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು. ಕೋರಿನಲ್ಲಿ ಬೆಳೆ ಬಂದರೆ ಇಬ್ಬರಿಗೂ ಪಾಲು, ಹೋದರೆ ಇಬ್ಬರಿಗೂ ಇಲ್ಲ. ಗುತ್ತಿಗೆಯಲ್ಲಾದರೋ ಜಗಳೂರಿನಲ್ಲಿ ಹನಿ ಮಳೆ ಬೀಳದಿದ್ದರೂ ಭೂಮಿಯ ಒಡೆಯನಿಗೆ ಗೊತ್ತಾದ ಮೊತ್ತ ಸಲ್ಲಬೇಕು. ಬರದ ಭಾರವೆಲ್ಲ ಉತ್ತವನ ಮೇಲೆ. ಚನ್ನಗಿರಿ ಸೀಮೆಯ ಖೇಣಿದಾರ ಕೊಯ್ಲಿಗೆ ಮೊದಲೇ ಮರದ ಮೇಲಿನ ಫಸಲಿಗೆ ಮಾತು ಕೊಡುತ್ತಾನೆ. ಧಾರಣೆ ಬಿದ್ದರೆ ನಷ್ಟ ಅವನದು, ಏರಿದರೆ ಲಾಭವೂ ಅವನದು. ಅವನನ್ನು ಯಾರೂ ಬಲವಂತ ಮಾಡಿಲ್ಲ. ಇನ್ನೂ ಹಾರದ ವಿಮಾನಕ್ಕೆ ಮುಂಗಡ ಕೊಟ್ಟು, ಅದರಿಂದಾಗಿ ಅಗ್ಗದಲ್ಲಿ ಪಡೆಯುವ ಮೊದಲ ಗಿರಾಕಿಯೂ ಒಂದು ಬಗೆಯ ಖೇಣಿದಾರನೇ.

ಈ ದೃಷ್ಟಿಯಿಂದ ನೋಡಿದರೆ ಏರ್‌ಬಸ್ಸಿನ ಸೋಲು ಅಷ್ಟೇನೂ ಕಪ್ಪಾಗಿ ಕಾಣುವುದಿಲ್ಲ. ಫ್ರಾನ್ಸ್, ಜರ್ಮನಿ, ಬ್ರಿಟನ್, ಸ್ಪೇನ್ ಸರ್ಕಾರಗಳು ಆ ಯೋಜನೆಗೆ ಸಾಲ ಕೊಟ್ಟಿದ್ದವು. ವಿಮಾನ ಮಾರಾಟವಾದಂತೆ ಮರುಪಾವತಿ ಎಂಬುದು ಕರಾರು. ಮಾರಾಟ ನಿಂತಾಗ ಸಾಲದ ಒಂದು ಭಾಗ ತೀರದೆ ಉಳಿಯಿತು. ಇದು ನ್ಯಾಯಬಾಹಿರ ಸಹಾಯಧನವೆಂದು ಅಮೆರಿಕ 2004ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟಿತು, ಬಹುಮಟ್ಟಿಗೆ ಗೆದ್ದಿತು. ಬೋಯಿಂಗಿಗೂ ಅಂಥದೇ ನೆರವು ಸಿಕ್ಕಿದೆಯೆಂಬ ಪ್ರತಿದೂರೂ ಗೆದ್ದಿತು. ತೆರಿಗೆ ಕೊಟ್ಟ ತುಲೂಸಿನ ಬಡಗಿಗೂ ಹ್ಯಾಂಬರ್ಗಿನ ದಾದಿಗೂ ತಾವು ವಿಮಾನದ ಪಾಲುದಾರರೆಂಬುದು ಎಷ್ಟರ ಮಟ್ಟಿಗೆ ತಿಳಿದಿತ್ತೋ! ಆದರೂ ಅಲ್ಲಿ ಕರಾರು ಬಹಿರಂಗವಾಗಿತ್ತು, ಪಾರ್ಲಿಮೆಂಟುಗಳಿದ್ದವು, ಕೆಲಸಗಾರರ ಸಂಘಗಳಿದ್ದವು, ಸಂಸ್ಥೆಯ ಬೇರೆ ವಿಮಾನಗಳ ಸಾಲಿನಲ್ಲಿ ಕೆಲಸಗಳೂ ಇದ್ದವು. ನಷ್ಟವನ್ನು ನುಂಗಿಯೂ ಸಂಸ್ಥೆ ನಿಂತಿತು.

ನಮ್ಮ ರಾಜ್ಯದ ಕಥೆಗೆ ಬರೋಣ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಿನಲ್ಲಿ ಹಾರಾಟ ಆರಂಭಿಸಿತು. ಮರು ತಿಂಗಳೇ, ಪ್ಯಾರಿಸ್ಸಿನ ವಿಮಾನ ಮೇಳದಲ್ಲಿ, ಐದು ಎ380 ವಿಮಾನಗಳನ್ನು ಕೊಳ್ಳುವುದಾಗಿ ಅದು ಪ್ರಕಟಿಸಿತು. ಭಾರತದ ಯಾವ ಸಂಸ್ಥೆಯೂ ಅದುವರೆಗೆ ಆ ಮಾತಾಡಿರಲಿಲ್ಲ. ದೇಶದೊಳಗೆ ಐದು ವರ್ಷ ಹಾರದ ಸಂಸ್ಥೆಗೆ ವಿದೇಶಕ್ಕೆ ಹಾರಲು ಆಗಿನ ನಿಯಮವೇ ಅವಕಾಶ ಕೊಡುತ್ತಿರಲಿಲ್ಲ. ಖಂಡಾಂತರಕ್ಕೆಂದೇ ಕಟ್ಟಿದ ವಿಮಾನಕ್ಕೆ ಒಂದು ತಿಂಗಳ ಕೂಸು ಕೈ ಚಾಚಿತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ 48 ಆಸನಗಳ ಪುಟ್ಟ ಎಟಿಆರ್ ವಿಮಾನಗಳಿಂದ ಆರಂಭಿಸಿದ ಏರ್ ಡೆಕ್ಕನ್ ಕೂಡ, ಅದೂ ನಷ್ಟದಲ್ಲಿಯೇ ಇದ್ದ ಸಂಸ್ಥೆ, 2007-08ರಲ್ಲಿ ಇದರೊಳಗೆ ಲೀನವಾಯಿತು. ಆಗ ಆ ಐದು ವರ್ಷದ ಅರ್ಹತೆಯೂ ಕೈಗೆ ಬಂತು. ಕಿಂಗ್‌ಫಿಷರ್ ಒಂದು ವರ್ಷವಾದರೂ ಲಾಭ ಕಾಣಲಿಲ್ಲ. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಆ ಐದು ಎ380ಗಳಲ್ಲಿ ಒಂದೂ ಬರಲಿಲ್ಲ.

ಬಂದಿದ್ದರೆ ನಷ್ಟ ಇನ್ನೂ ಹೆಚ್ಚುತ್ತಿತ್ತು ಎನ್ನಬಹುದು. ಆದರೆ ನನ್ನನ್ನು ಕಾಡುವುದು ಬೇರೆ. ಸಂಸ್ಥೆಗೆ ಸಾಲ ಕೊಟ್ಟ ಬ್ಯಾಂಕುಗಳು ಅದರ ಹೆಸರನ್ನೂ ಲಾಂಛನವನ್ನೂ ಒತ್ತೆಯಾಗಿ ಸ್ವೀಕರಿಸಿದ್ದವು. ಆ ಹೆಸರಿಗೆ ಒಂದು ಕಾಲದಲ್ಲಿ ಕಟ್ಟಿದ ಬೆಲೆ 4,000 ಕೋಟಿ ರೂಪಾಯಿಗೂ ಹೆಚ್ಚು. 2016ರ ಏಪ್ರಿಲ್ 30ರಂದು 366.70 ಕೋಟಿಯ ಕನಿಷ್ಠ ಬೆಲೆಗೆ ಅದನ್ನು ಹರಾಜಿಗಿಟ್ಟಾಗ ಕೊಳ್ಳಲು ಒಬ್ಬರೂ ಮುಂದೆ ಬರಲಿಲ್ಲ. ಈಗ ನ್ಯಾಮತಿಯನ್ನು ನೆನೆಯಿರಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಳ್ಳತನವಾದಾಗ ಹೋದದ್ದು ಜನರು ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ. 2025ರ ಮಾರ್ಚಿನ ಹೊತ್ತಿಗೆ ಪೊಲೀಸರು ಅದನ್ನು ತಮಿಳುನಾಡಿನಲ್ಲಿ ಪತ್ತೆ ಹಚ್ಚಿದರು, ಅದು ಸಮಾಧಾನದ ಸಂಗತಿ. ಒಂದು ಪುಟ್ಟ ಪಟ್ಟಣದ ಒಂದೇ ಶಾಖೆಯಲ್ಲಿ ಅಷ್ಟು ಒಡವೆ ಕುಳಿತಿತ್ತೆಂದರೆ, ಎಷ್ಟು ಮನೆಗಳು ಬೀಜ, ಗೊಬ್ಬರ, ಕೊಳವೆಬಾವಿ, ಮಗಳ ಮದುವೆ, ಮಗನ ಓದು ಎಂದು ತಮ್ಮ ಸಣ್ಣ ಸಣ್ಣ ಪಣಗಳನ್ನು ಅಲ್ಲಿ ತೂಗಿಸಿ ಇಟ್ಟಿದ್ದವೆಂದು ಎಣಿಸಿರಿ. ಹೊನ್ನಾಳಿಯ ತಾಯಿಯ ಸರವನ್ನು ಒರೆಗೆ ಹಚ್ಚಿ, ತೂಗಿ, ಬೆಲೆಗಿಂತ ಕಡಿಮೆ ಸಾಲ ಕೊಡುವ ವ್ಯವಸ್ಥೆಯೇ ಒಂದು ಹೆಸರನ್ನು ಒರೆಗೆ ಹಚ್ಚದೆ ಒಳಗಿಟ್ಟುಕೊಂಡಿತು.

ಬ್ಯಾಂಕುಗಳಿಗೆ ಮುಂದೆ ಆಸ್ತಿ ಮುಟ್ಟುಗೋಲಿನ ಮೂಲಕ ಹಣ ಮರಳಿತು. 14,131 ಕೋಟಿ ರೂಪಾಯಿ ಹಿಂದಿರುಗಿಸಲಾಗಿದೆಯೆಂದು ಹಣಕಾಸು ಸಚಿವರು 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ಬಾಕಿ ಎಷ್ಟಿತ್ತು, ವಸೂಲಾದದ್ದು ಹೆಚ್ಚಾಯಿತೇ ಎಂಬ ವಾದಗಳು ನ್ಯಾಯಾಲಯದವು. ಅದರೊಳಗೆ ನಾನು ಇಳಿಯುವುದಿಲ್ಲ. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ಗಗನಸಖಿಯರು, ಮೆಕ್ಯಾನಿಕ್ಕುಗಳು, ಸಾಮಾನು ಹೊರುವವರು ಮಾತ್ರ ವರ್ಷಗಟ್ಟಲೆ ಕಾದರು. ಅವರು ಪಾಲುದಾರರಾಗಿರಲಿಲ್ಲ. ಎ380 ಬೇಕೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಸಂಸ್ಥೆ ಗೆದ್ದಿದ್ದರೆ ಅವರಿಗೆ ಸಂಬಳಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ. ಸೋತಾಗ ಆ ಸಂಬಳವೂ ಇಲ್ಲವಾಯಿತು. ಕೂಲಿಯಾಳಿನ ಕೂಲಿಯನ್ನು ರಾತ್ರಿ ಕಳೆಯುವ ತನಕ ತಡೆಹಿಡಿಯಬಾರದೆಂದು ಯಾಜಕಕಾಂಡ ವಿಧಿಸುವಾಗ ಒಡೆಯನ ವ್ಯಾಪಾರ ಗೆದ್ದಿತೋ ಸೋತಿತೋ ಎಂದು ವಿಚಾರಿಸುವುದಿಲ್ಲ. ಜಗದ್ಗುರು ಎರಡನೇ ಜಾನ್ ಪಾಲರು 1981ರ ತಮ್ಮ ವಿಶ್ವಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಆದ್ಯತೆಯೆಂದು ಪ್ರತಿಪಾದಿಸಿದ್ದೂ ಈ ಅರ್ಥದಲ್ಲಿಯೇ.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯಿದೆ. ನಷ್ಟವನ್ನೆಲ್ಲ ಹೂಡಿದವನೇ ಕೊನೆಯ ಕಾಸಿನವರೆಗೆ ಹೊರಬೇಕೆಂದರೆ ಯಾರು ತಾನೇ ದೊಡ್ಡದಕ್ಕೆ ಕೈ ಹಾಕಿಯಾರು? ಕಂಪನಿ ಮುಳುಗಿದರೂ ಷೇರುದಾರನ ಮನೆ ಮಠ ಹರಾಜಾಗಬಾರದೆಂಬ ಸೀಮಿತ ಹೊಣೆಯ ಕಾನೂನು ಹುಟ್ಟಿದ್ದೇ ಸಾಹಸಕ್ಕೆ ಎಡೆ ಮಾಡಿಕೊಡಲು. ಆ ಕಾನೂನಿಲ್ಲದಿದ್ದರೆ 747 ವಿಮಾನವೂ ಇಲ್ಲ, ಎಷ್ಟೋ ಔಷಧಿಗಳೂ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ರಿಯಾಯಿತಿಯು ಲೆಕ್ಕ ಪುಸ್ತಕವನ್ನು ನೋಡಿ, ಬಡ್ಡಿ ನಿಗದಿ ಮಾಡಿ, ಒತ್ತೆ ಕೇಳಿ ವ್ಯವಹರಿಸಬಲ್ಲವರ ನಡುವೆ ಸಲ್ಲುವಂಥದು. ತಿಂಗಳ ಕೊನೆಗೆ ಕೈ ಒಡ್ಡುವ ನೌಕರನು ಆ ಪಂಕ್ತಿಯಲ್ಲಿ ಕುಳಿತವನಲ್ಲ. ಅವನ ಬಾಕಿಯನ್ನು ಎಲ್ಲರಿಗಿಂತ ಮೊದಲು ತೀರಿಸಿದ ಮೇಲೆ ಉಳಿದವರು ಉಳಿದದ್ದನ್ನು ಹಂಚಿಕೊಳ್ಳಲಿ. ನಮ್ಮ ದೇಶದ 2016ರ ದಿವಾಳಿ ಸಂಹಿತೆಯು ಕಂಪನಿಯ ಆಸ್ತಿ ಮಾರಿ ಹಂಚುವಾಗ ಕೆಲಸಗಾರರ 24 ತಿಂಗಳ ಬಾಕಿಯನ್ನು ಒತ್ತೆಯುಳ್ಳ ಸಾಲಗಾರರ ಸಮಕ್ಕೆ ತಂದು ನಿಲ್ಲಿಸಿದೆ. ಇತರ ನೌಕರರ 12 ತಿಂಗಳ ಸಂಬಳ ಅದರ ಕೆಳಗಿನ ಮೆಟ್ಟಿಲಲ್ಲಿದೆ. ಸಮ ಎಂಬುದು ಮೊದಲು ಎಂಬುದಲ್ಲ, ಆದರೂ ಒಂದು ಹೆಜ್ಜೆ.

ಇನ್ನು, ತೆರಿಗೆ ಕೊಡುವವನು ಅರಿಯದೆಯೇ ಪಾಲುದಾರನಾಗುವ ಸಂಗತಿ ಯುರೋಪಿಗೆ ಮಾತ್ರ ಸೀಮಿತವಲ್ಲ. ನ್ಯಾಮತಿ, ಹೊನ್ನಾಳಿಯವರಿಗೆ ದೂರವಲ್ಲದ ಶಿವಮೊಗ್ಗದ ಸೋಗಾನೆಯಲ್ಲಿ ರಾಜ್ಯ ಸರ್ಕಾರವು ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ವಿಮಾನ ನಿಲ್ದಾಣ ಕಟ್ಟಿಸಿತು. 2023ರ ಫೆಬ್ರವರಿ 27ರಂದು ಅದು ಉದ್ಘಾಟನೆಯಾಯಿತು. ಅದರ ಓಡುದಾರಿ 3.2 ಕಿಲೋಮೀಟರ್ ಉದ್ದ, ಬೆಂಗಳೂರನ್ನು ಬಿಟ್ಟರೆ ರಾಜ್ಯದಲ್ಲಿಯೇ ಹೆಚ್ಚು. ಅದೇ ವರ್ಷ ಆಗಸ್ಟ್ 31ರಂದು ಅಲ್ಲಿ ಇಳಿದ ಮೊದಲ ಪ್ರಯಾಣಿಕ ವಿಮಾನ ಎಂಬತ್ತಕ್ಕೂ ಕಡಿಮೆ ಆಸನಗಳ ಎಟಿಆರ್. ಮುಂದೆ ದೊಡ್ಡ ವಿಮಾನಗಳು ಬರುತ್ತವೆ ಎಂಬುದು ಆ ಉದ್ದದ ಹಿಂದಿನ ಎಣಿಕೆ. ಸೂಳೆಕೆರೆಯಂತೆ ಅದು ತುಂಬಲೂಬಹುದು. ಜಗಳೂರಿನಲ್ಲಿ ಬೆಂಕಿಪೆಟ್ಟಿಗೆ ಕೊಳ್ಳುವ ಮುದುಕಿಯೂ ತೆರಿಗೆಯ ಮೂಲಕ ಆ ಓಡುದಾರಿಯಲ್ಲಿ ಒಂದು ಗೇಣಿನ ಪಾಲುದಾರಳು. ವರ್ಷಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಬಂತು ಎಂಬ ಲೆಕ್ಕವನ್ನು ಅವಳಿಗೆ ತಿಳಿಯುವ ಕನ್ನಡದಲ್ಲಿ, ಅವಳ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲು ಎಷ್ಟು ಖರ್ಚಾದೀತು?